ಕೈ ಮೇಲೆ ಕೂರುವ ವಿದ್ಯೆ

ನಮ್ಮ ಮನೆಯಲ್ಲಿ ಅನುಮಾನದ ಖಾತೆ ನನ್ನದು. ಹಾಲಿನ ಬಾಟಲಿಯ ಮೇಲೆ ದಿನಾಂಕ ಎಷ್ಟೇ ಸ್ಪಷ್ಟವಾಗಿರಲಿ, ಮೂಸಿ ನೋಡದೆ ಕಾಫಿಗೆ ಸುರಿಯುವವಳಲ್ಲ ನಾನು. ಸಿಡ್ನಿಯ ಟೂಂಗಾಬಿಯಲ್ಲಿ ಹಾಯಾಗಿದ್ದ ನಮ್ಮನ್ನು ನನ್ನ ಗಂಡ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಗೆ ಎಬ್ಬಿಸಿಕೊಂಡು ಹೊರಟಾಗ, ಅವರು ಕೊಟ್ಟ ಕಾರಣವನ್ನೂ ಮೂಸಿಯೇ ನೋಡಿದೆ.

"ಗ್ಲೆನ್ ವೇವರ್ಲಿಯಲ್ಲಿ ಸ್ಕೂಲ್‌ಗಳು ಚೆನ್ನಾಗಿವೆ ಕಣೇ," ಎಂದಿದ್ದರು.

ಚೆನ್ನಾಗಿರುವುದು ನಿಜ. ಆದರೆ ಮಗಳಿಗಿನ್ನೂ ನಾಲ್ಕು ವರ್ಷ. ಇವರು ಮನೆ ಹುಡುಕಲು ಶುರು ಮಾಡಿದ್ದು, ಟೂಂಗಾಬಿಯ ಪ್ರೀಸ್ಕೂಲಿನ ಟೀಚರ್ ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದು ಮಾತಾಡಿದ ವಾರದಲ್ಲೇ. ಎಲ್ಲ ಮಕ್ಕಳೂ ಕತೆ ಕೇಳಲು ಚಾಪೆಯ ಮೇಲೆ ಕೂತರೆ ಇವಳು ಚಾಪೆಯ ಸುತ್ತ ಓಡುತ್ತಾಳೆ. ಒಂದು ಆಟ ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈ ಹಾಕುತ್ತಾಳೆ. ಗೇಟು ತೆರೆದರೆ ಸಾಕು, ಹೊರಗೆ. ಶಾಲೆಗೆ ಸೇರಿಸುವ ಮುಂಚೆಯೇ ಯಾರಿಗಾದರೂ ತೋರಿಸಿ, ಈ ವಯಸ್ಸಿನಲ್ಲಿ ಸಿಕ್ಕ ಸಹಾಯ ಬಹಳ ಕೆಲಸ ಮಾಡುತ್ತದೆ ಎಂದಿದ್ದಳು ಆಕೆ. ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ಮಕ್ಕಳ ತೊಂದರೆಗೆ ಡಾಕ್ಟರುಗಳು ಇಟ್ಟಿರುವ ಎಡಿಎಚ್‌ಡಿ ಎಂಬ ಹೆಸರನ್ನು ಎತ್ತಲಿಲ್ಲ. ಎತ್ತದೆ ಅಷ್ಟು ಮೆತ್ತಗೆ ಮಾತಾಡಿದ್ದೇ ನನಗೆ ಸರಿಬರಲಿಲ್ಲ.

ಗ್ಲೆನ್ ವೇವರ್ಲಿಯ ಕಿಂಡರ್‌ಗೆ, ಅಂದರೆ ಅಲ್ಲಿಯ ಪ್ರೀಸ್ಕೂಲಿಗೆ, ಸೇರಿಸಿ ತಿಂಗಳೂ ಆಗಿರಲಿಲ್ಲ, ಅಲ್ಲಿನ ಟೀಚರ್ ಕೂಡ ನಮ್ಮನ್ನು ಪಕ್ಕಕ್ಕೆ ಕರೆದಳು. ಅದೇ ಮೆತ್ತನೆಯ ದನಿ, ಹೆಚ್ಚುಕಡಿಮೆ ಅದೇ ಮಾತು.

"ಸಿಡ್ನಿಯವರು ಫೋನ್ ಮಾಡಿ ಹೇಳಿರ್ತಾರೆ," ಎಂದರು ನನ್ನ ಗಂಡ ಕಾರಿನಲ್ಲಿ.

"ಮಗು ಚಾಪೆ ಮೇಲೆ ಕೂರಲ್ಲ ಅಂತ ಇನ್ನೊಂದು ಸ್ಟೇಟ್‌ಗೆ ಫೋನ್ ಮಾಡ್ತಾರೇನ್ರೀ?"

ಹಾಗೆಂದು ನಾನು ಟೀಚರನ್ನು ನಂಬಿಬಿಟ್ಟೆನೆಂದಲ್ಲ. ಬಿಳಿಯರ ಮಗು ಓಡಿದರೆ ಚೂಟಿ, ನಮ್ಮ ಮಗು ಓಡಿದರೆ ತೊಂದರೆಯೋ ಎಂದು ಒಳಗೇ ಕುದಿಯುತ್ತಿದ್ದೆ. ಆ ಕುದಿತ ಇಳಿದದ್ದು ಒಂದು ಶನಿವಾರ. ಸ್ಟೇಷನ್ ಹತ್ತಿರದ ಕಾರ್ ಪಾರ್ಕಿನಲ್ಲಿ ಮಗಳು ಕೈ ಕೊಸರಿಕೊಂಡು ಓಡಿದಳು. ರಿವರ್ಸ್ ಬರುತ್ತಿದ್ದ ಕಾರೊಂದರ ಹಿಂದೆಯೇ ಹೋಗಿ ನಿಂತಳು. ಪುಣ್ಯಕ್ಕೆ ಕಾರು ನಿಂತಿತು. ಮುಂದಿನ ವರ್ಷ ಶಾಲೆ, ಅಲ್ಲಿ ಇವಳ ಹಿಂದೆ ಓಡಲು ನಾನಿರುವುದಿಲ್ಲ. ನನಗೆ ಭಯವಾಯಿತು, ಅನುಮಾನವೂ ಮರೆತುಹೋಗುವಷ್ಟು ಭಯ. ಸೋಮವಾರವೇ ಟೀಚರ್ ಹೇಳಿದ, ಇಂಥ ಮಕ್ಕಳಿಗೆಂದೇ ಇರುವ ಕ್ಲಿನಿಕ್ಕಿಗೆ ಫೋನ್ ಮಾಡಿ ಬುಕ್ ಮಾಡಿದೆ.

ಅಲ್ಲಿ ಶಾಲೆಗೆ ಹೋಗುವ ಮುಂಚಿನ ಮಕ್ಕಳದೊಂದು ಪುಟ್ಟ ಗುಂಪು ನಡೆಯುತ್ತಿತ್ತು. ಸರದಿ ಕಾಯುವುದು, ಕರೆದರೆ ನಿಲ್ಲುವುದು, ಇವನ್ನೆಲ್ಲ ಆಟವಾಡಿಸುತ್ತಲೇ ಕಲಿಸುತ್ತಾರೆ. ಅಪ್ಪ ಅಮ್ಮಂದಿರೂ ಜೊತೆಗೆ ಕೂತು ಕಲಿಯಬೇಕು. ಉಳಿದಿದ್ದದ್ದು ಒಂದೇ ಜಾಗ. ಮೊದಲು ಮಗುವನ್ನು ನೋಡುತ್ತೇವೆ, ಅಗತ್ಯವೆನಿಸಿದರೆ ಸೇರಿಸಿಕೊಳ್ಳುತ್ತೇವೆ ಎಂದರು.

ಇದಕ್ಕೆ ನನ್ನ ಗಂಡ ಒಂದು ಜಗಳವೂ ಇಲ್ಲದೆ ಒಪ್ಪಿಬಿಟ್ಟರು. ಅಲ್ಲೇ ನನಗೆ ವಾಸನೆ ಬಡಿಯಿತು. ಸಾಲದ್ದಕ್ಕೆ, ಸಂಜೆಯಾದರೆ ಅಪ್ಪ ಮಗಳು ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಳ್ಳಲು ಶುರು ಮಾಡಿದರು.

"ಏನ್ರೀ ನಡೀತಿದೆ ಒಳಗೆ?"

"ಆಟ ಆಡ್ತಿದೀವಿ."

ನನ್ನ ಮಗಳು ಆಡುವ ಕಡೆ ಅಷ್ಟು ನಿಶ್ಶಬ್ದ ಇರುತ್ತದೆಯೇ? ನಮ್ಮವರಿಗೆ ಮೇಜಿನಾಚೆ ಒಬ್ಬ ಮೇಡಂ ಕೂತರೆ ಅದು ಇಂಟರ್‌ವ್ಯೂ, ಇಂಟರ್‌ವ್ಯೂ ಎಂದರೆ ಪಾಸಾಗಲೇಬೇಕು. ಬೆಂಗಳೂರಿನಲ್ಲಿ ನನ್ನ ಅಕ್ಕ ಎಲ್‌ಕೆಜಿ ಸೀಟಿಗಾಗಿ ಮಗನಿಗೆ ಹಣ್ಣುಗಳ ಹೆಸರಿನಿಂದ ಹಿಡಿದು ಅಪ್ಪನ ಕಂಪನಿಯವರೆಗೆ ಉರು ಹೊಡೆಸಿದ್ದಳು. ಇವರಿಗೂ ಯಾರೋ ಆಫೀಸಿನ ಗೆಳೆಯ ಕ್ಲಿನಿಕ್ಕಿನಲ್ಲಿ ಕೇಳುವುದನ್ನೆಲ್ಲ ಹೇಳಿರಬೇಕು ಎಂದುಕೊಂಡೆ. ಆದರೆ ಇಲ್ಲಿ ಪಾಸಾದರೇ ಸೀಟು ಹೋಗುವುದು. ಅಷ್ಟು ಓದಿದ ಮನುಷ್ಯನಿಗೆ ಇದನ್ನು ಬಿಡಿಸಿ ಹೇಳಬೇಕೇ? ಹೇಳಿದೆ. "ಆಯ್ತು ಬಿಡು," ಎಂದರು. ಮರುದಿನವೂ ಗ್ಯಾರೇಜಿನ ಬಾಗಿಲು ಮುಚ್ಚಿತ್ತು.

ಮಗುವನ್ನು ನೋಡುವ ಥೆರಪಿಸ್ಟ್ ಪಟ್ಟೆಪಟ್ಟೆ ಸಾಕ್ಸ್ ಹಾಕಿಕೊಂಡಿದ್ದಳು. ಮಕ್ಕಳನ್ನು ಮರುಳು ಮಾಡಲೆಂದೇ ಹಾಕಿದ್ದು ಎಂದು ಅವಳ ಮೇಲೂ ನನಗೊಂದು ಕಣ್ಣು. ಪುಟ್ಟ ಮೇಜಿನ ಮೇಲೆ ಬಣ್ಣಬಣ್ಣದ ಡಬ್ಬಿಗಳನ್ನು ಜೋಡಿಸಿಟ್ಟಳು. ಈಗ ಎಲ್ಲವೂ ನೆಲದ ಮೇಲಿರುತ್ತವೆ ಎಂದು ನಾನು ಕಾದೆ. ಮಗಳು ಕುರ್ಚಿಯಲ್ಲಿ ಕೂತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು, ಆಕೆಯ ಹಣೆಯನ್ನೇ ನೋಡತೊಡಗಿದಳು. ಡಬ್ಬಿ ಮುಟ್ಟಲಿಲ್ಲ. ಏಳಲಿಲ್ಲ. ಹೇಳಿದ್ದನ್ನು ಒಂದು ಕೈಯಲ್ಲಿ ಮಾಡಿ, ಆ ಕೈಯನ್ನು ಮತ್ತೆ ಕೆಳಗೆ ಸೇರಿಸಿಕೊಳ್ಳುತ್ತಿದ್ದಳು. ನನ್ನ ಮಗಳು ನಿದ್ದೆಯಲ್ಲೂ ಅಷ್ಟು ಅಲುಗಾಡದೆ ಇದ್ದವಳಲ್ಲ.

ಕಿಂಡರ್‌ನವರು ಹೇಳಿದ್ದೇ ಬೇರೆ, ನಾನು ನೋಡುತ್ತಿರುವುದೇ ಬೇರೆ ಎಂದಳು ಥೆರಪಿಸ್ಟ್. ಇಷ್ಟು ಚೆನ್ನಾಗಿ ಕೂರುವವಳಿಗೆ ಆ ಜಾಗ ಬೇಕಾಗಲಿಕ್ಕಿಲ್ಲ, ಕಾಯುತ್ತಿರುವ ಮಕ್ಕಳು ಬೇರೆ ಇದ್ದಾರೆ ಎಂದಳು.

ಪಾಸಾಯಿತಲ್ಲ, ಈಗ ಸಮಾಧಾನವೇ ಎಂದು ಕೇಳಲು ಸಿಟ್ಟಿನಿಂದ ಗಂಡನ ಕಡೆ ತಿರುಗಿದೆ. ಅವರ ಮುಖದಲ್ಲಿ ಸಮಾಧಾನವೇನೂ ಇರಲಿಲ್ಲ. ಕೂತಲ್ಲೆಲ್ಲ ಕುಣಿಯುವ ಅವರ ಮಂಡಿ ಅವತ್ತು ಕುಣಿಯುತ್ತಿರಲಿಲ್ಲ. ಅವರ ಎರಡೂ ಕೈಗಳು ತೊಡೆಯ ಕೆಳಗಿದ್ದವು.

ಅಷ್ಟರಲ್ಲಿ ಮಗಳು ಸಣ್ಣ ದನಿಯಲ್ಲಿ ಕೇಳಿದಳು: "ಅಪ್ಪಾ, ಕ್ಯಾನ್ ಐ ಹ್ಯಾವ್ ಮೈ ಹ್ಯಾಂಡ್ಸ್ ಬ್ಯಾಕ್ ನೌ?"

ಥೆರಪಿಸ್ಟ್ ಪೆನ್ನು ಕೆಳಗಿಟ್ಟಳು.

"ಯಾರ್ರೀ ನಿಮಗೆ ಇದನ್ನ ಹೇಳಿಕೊಟ್ಟಿದ್ದು?" ಎಂದೆ.

"ಯಾರೂ ಇಲ್ಲ. ಸ್ಕೂಲಲ್ಲಿ ನಾನು ಹೀಗೇ ಕೂರ್ತಿದ್ದೆ. ಕೈ ಅಡಿಗೆ ಹಾಕ್ಕೊಂಡು ಮೇಷ್ಟ್ರ ಹಣೆ ನೋಡ್ತಾ ಇದ್ರೆ ಏಟು ಬೀಳ್ತಿರಲಿಲ್ಲ. ಪಾಠ ಏನೂ ತಲೆಗೆ ಹೋಗ್ತಿರಲಿಲ್ಲ, ಅದು ಬೇರೆ." ಸ್ವಲ್ಪ ತಡೆದು, "ಇವಳಿಗೆ ಯಾರೂ ಬೈಬಾರದು ಅಂತ ಅಷ್ಟೇ ಕಣೇ," ಎಂದರು.

ಮದುವೆಯಾದಾಗಿನಿಂದ ಈ ಮನುಷ್ಯನ ಮೇಲೆ ನಾನು ಏನೇನೋ ಅನುಮಾನ ಪಟ್ಟಿದ್ದೇನೆ. ಇವರೂ ಮಗಳಂಥ ಹುಡುಗನೇ ಆಗಿದ್ದರೆಂಬುದು ಮಾತ್ರ ಹೊಳೆದಿರಲಿಲ್ಲ. ಅವರು ಅದೆಲ್ಲವನ್ನೂ ಥೆರಪಿಸ್ಟ್‌ಗೆ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಮಗಳತ್ತ ಬಗ್ಗಿ, "ತೆಗಿ ಪುಟ್ಟಿ, ಸಾಕು," ಎಂದರು. ಅವಳ ಅಂಗೈ ಕೆಂಪಾಗಿ, ಕುರ್ಚಿಯ ಗೆರೆಗಳು ಅಚ್ಚೊತ್ತಿದ್ದವು. ಮರುಕ್ಷಣ ಡಬ್ಬಿಗಳು ನೆಲದ ಮೇಲಿದ್ದವು, ಅವಳು ಮೇಜಿನ ಕೆಳಗಿದ್ದಳು. ಪಟ್ಟೆ ಸಾಕ್ಸಿನವಳು ತಾನೂ ನೆಲದ ಮೇಲೆ ಕೂತು ಬಹಳ ಹೊತ್ತು ಅವಳನ್ನೇ ನೋಡಿದಳು. ಮುಂದಿನ ವಾರ ಫೋನ್ ಬಂತು, ಆ ಜಾಗ ನಮಗೇ ಸಿಕ್ಕಿತ್ತು.

ಗುಂಪಿನ ಮೊದಲ ದಿನ ನಾನು ಮಗಳನ್ನು ಹೊರಡಿಸಿಕೊಂಡು ಬಂದರೆ, ಇವರು ಆಫೀಸಿಗೆ ರಜೆ ಹಾಕಿ ಬಾಗಿಲಲ್ಲಿ ಶೂ ಕಟ್ಟುತ್ತಿದ್ದರು.

"ನಾನು ಕರ್ಕೊಂಡು ಹೋಗ್ತೀನಿ."

"ಯಾಕೆ?" ಎಂದೆ. ಹುಟ್ಟುಗುಣ, ಏನು ಮಾಡಲಿ.

"ದೊಡ್ಡೋರಿಗೂ ಹೇಳಿಕೊಡ್ತಾರೆ ಅಂದಿದ್ರಲ್ಲ," ಎಂದರು, ಶೂ ಲೇಸಿನಿಂದ ಕಣ್ಣೆತ್ತದೆ.

ಕಾರಿನ ಕೀ ನನ್ನ ಕೈಯಲ್ಲಿತ್ತು. ಕೊಟ್ಟೆ.