ಸಂದರ್ಶನಕ್ಕೆ ಒಯ್ದ ಕಳ್ಳು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿ. ಕೆಲಸ ಕಾಯಂ ಆಗಬೇಕಾದರೆ ಆಯ್ಕೆ ಸಮಿತಿಯ ಮುಂದೆ ಒಂದು ಪಾಠ ಮಾಡಿ ತೋರಿಸಬೇಕಿತ್ತು. ಸಮಿತಿಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥರೂ ಇದ್ದರು. ಕಾವೂರಿನಲ್ಲಿ ನನ್ನ ಅಪ್ಪ ಗೇಣಿಗೆ ಮಾಡುತ್ತಿದ್ದದ್ದು ಅವರ ಮನೆಯ ಗದ್ದೆ. ಎಪ್ಪತ್ತರ ದಶಕದಲ್ಲಿ ಭೂಸುಧಾರಣೆ ಬಂದಾಗ ಉಳುವವನು ತಾನೇ ಎಂದು ಅಪ್ಪ ಡಿಕ್ಲರೇಶನ್ ಕೊಟ್ಟರು, ಗದ್ದೆ ನಮ್ಮದಾಯಿತು. ಮುಖ್ಯಸ್ಥರಿಗೆ ಆ ಸಿಟ್ಟು ಇಳಿದಿರಲೇ ಇಲ್ಲ. ಉಳಿದವರಿಗೆಲ್ಲ ‘ನೀವು’, ನನಗೆ ಮಾತ್ರ ‘ನೀನು’. ನನಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಪಾಠದ ವಿಷಯ ಅವರೇ ಕೊಟ್ಟದ್ದು, ಎಲ್ಲ ಅಭ್ಯರ್ಥಿಗಳಿಗೂ ಒಂದೇ: ಜೀವಕೋಶದಲ್ಲಿ ಜೀನಿನ ನಕಲು ಹೇಗೆ ಶುರುವಾಗುತ್ತದೆ ಎಂಬುದು. ಜೀನಿನ ನಕಲು ತೆಗೆಯುವ ಕೆಲಸ ತನ್ನಷ್ಟಕ್ಕೆ ಶುರುವಾಗುವುದಿಲ್ಲ. ಮೊದಲು ಒಂದು ಪ್ರೊಟೀನು ಬಂದು ಜೀನಿನ ಮುಂಭಾಗದಲ್ಲಿ ಕೂರಬೇಕು, ಆಮೇಲೆ ಉಳಿದವು ಬಂದು ಸೇರುತ್ತವೆ. ಮನುಷ್ಯನ ಆ ಪ್ರೊಟೀನನ್ನು ತೆಗೆದು ಅದರ ಜಾಗಕ್ಕೆ ಯೀಸ್ಟಿನದ್ದನ್ನು ಹಾಕಿದರೂ ಪ್ರನಾಳದಲ್ಲಿ ನಕಲು ಶುರುವಾಗುತ್ತದೆ ಎಂಬ ಸುದ್ದಿ ಆಗಷ್ಟೇ ನಮ್ಮ ಲೈಬ್ರರಿಗೆ ತಲುಪಿತ್ತು.

ಸೂಕ್ಷ್ಮದರ್ಶಕದಲ್ಲಿ ಜೀವಂತ ಯೀಸ್ಟ್ ತೋರಿಸೋಣವೆಂದು, ಅಪ್ಪ ಬೆಳಿಗ್ಗೆ ಇಳಿಸಿದ ಕಳ್ಳನ್ನೇ ಸಣ್ಣ ಬಾಟಲಿಯಲ್ಲಿ ಒಯ್ದೆ. ನಮ್ಮ ಮನೆಯಲ್ಲಿ ಯೀಸ್ಟ್ ಎಂದರೆ ಅದೇ. ಹಿಟ್ಟು ಉಬ್ಬಿಸಲು ಮುಖ್ಯಸ್ಥರ ಮನೆಯ ಹಿಂಬಾಗಿಲಿಗೂ ಅಪ್ಪ ವರ್ಷಗಟ್ಟಲೆ ಕಳ್ಳು ಮುಟ್ಟಿಸಿದ್ದರು. ಹಾಗಾಗಿ ಅದರಲ್ಲೊಂದು ತಪ್ಪಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಮುಚ್ಚಳ ತೆಗೆದದ್ದೇ ತಡ, ಮುಖ್ಯಸ್ಥರು ಮೂಗಿಗೆ ಕರ್ಚೀಫು ಹಿಡಿದರು.

“ಎಂತ ಇದು? ಕಾಲೇಜಿಗೆ ಕಳ್ಳು ತರುವುದಾ ನೀನು?”

ಇದರಲ್ಲಿ ಯೀಸ್ಟ್ ಉಂಟು ಎಂದೆ. ಅವರು ಸಮಿತಿಯವರತ್ತ ತಿರುಗಿದರು.

“ಇವಳ ಮನೆಯವರಿಗೆ ಇದರ ಪ್ರೊಟೀನ್ ಸರಿಹೋಗಬಹುದು ಮಾರಾಯ್ರೆ. ನಮಗೆ ಆಗ್ಲಿಕ್ಕಿಲ್ಲ.”

ಎಲ್ಲರೂ ನಕ್ಕರು. ನಾನೂ ಬಿಡಲಿಲ್ಲ.

“ಪ್ರಯೋಗ ಮಾಡಿದವರು ಯಾವ ಮನೆಯ ಮನುಷ್ಯ ಅಂತ ಕೇಳ್ಲಿಲ್ಲ ಸರ್.”

ನಗು ನಿಂತಿತು. ನನ್ನ ಸ್ಲೈಡನ್ನು ಯಾರೂ ನೋಡಲಿಲ್ಲ. ಬಾಟಲಿ ಎತ್ತಿಕೊಂಡು ಹೊರಗೆ ಹೋಗಲು ಹೇಳಿದರು.

ನನ್ನ ನಂತರ ಬಂದ ಹುಡುಗ ಬೇಕರಿಯಿಂದ ಯೀಸ್ಟಿನ ಪೊಟ್ಟಣ ತಂದಿದ್ದ. ಸಕ್ಕರೆ ನೀರಿನಲ್ಲಿ ಕದಡಿ ಸ್ಲೈಡ್ ಮಾಡಿದ. ನನ್ನ ಬಾಟಲಿಯಲ್ಲಿದ್ದಂಥದ್ದೇ ಯೀಸ್ಟ್, ಅದೇ ಪಾಠ. ಜಗಲಿಯಲ್ಲಿ ನಿಂತಿದ್ದ ನನಗೆ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಮುಖ್ಯಸ್ಥರು ಕುರ್ಚಿಯಿಂದ ಎದ್ದು ಬಂದು, ಕನ್ನಡಕ ಹಣೆಗೇರಿಸಿ, ಸೂಕ್ಷ್ಮದರ್ಶಕದ ಮೇಲೆ ಬಗ್ಗಿದರು. ಎಷ್ಟೋ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಸಮಿತಿಯವರನ್ನೆಲ್ಲ ಹತ್ತಿರ ಕರೆದರು.

“ಬನ್ನಿ, ನೋಡಿ. ಒಳಗೆ ಎಲ್ಲ ನಮ್ಮ ಹಾಗೆಯೇ.”

ಕೆಲಸ ಅವನಿಗಾಯಿತು.