ಬೀಗಿತ್ತಿಗೆ ಹೇಳಿಕೊಡದ ವಿದ್ಯೆ

ನನ್ನ ಮಗಳ ಮಗಳು ದೊಡ್ಡ ದೊಡ್ಡ ಹುದ್ದೆಗಳಿಗೆ ಜನ ಹುಡುಕಿಕೊಡುತ್ತಾಳೆ. ಕೆಲಸ ಇಲ್ಲದವರಿಗೆ ಕೆಲಸ ಕೊಡಿಸುವುದಲ್ಲ ಇದು. ಫ್ಯಾಕ್ಟರಿಯವರು ಬಂದು ನಮಗೆ ಇಂಥಾ ಮ್ಯಾನೇಜರು ಬೇಕು ಅನ್ನುತ್ತಾರೆ. ಅಂಥವರು ಎಲ್ಲೋ ಒಂದು ಕಡೆ ಚೆನ್ನಾಗಿಯೇ ಇರುತ್ತಾರೆ. ಇವಳು ಗುಟ್ಟಾಗಿ ಹೋಗಿ, ಮಾತಾಡಿ, ಮನಸ್ಸು ತಿಳಿದು ಕರೆತರಬೇಕು. "ಇನ್ನೊಬ್ರ ಮನೆ ಸೊಸೇನ ಬುಡಿಸ್ಕೊಂಡು ಬಂದಂಗಲ್ವೇನೇ ಇದು?" ಎಂದು ಕೇಳಿದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೂ ನಾನು ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು, ನನ್ನ ಮೊಮ್ಮಗಳು ಮ್ಯಾನೇಜರುಗಳನ್ನು ಆರಿಸುತ್ತಾಳೆ ಎಂದರೆ ಸುಮ್ಮನಿರಲಾದೀತೇ? ರಾಮನಗರದ ನಮ್ಮ ಬೀದಿಯಲ್ಲಿ ಒಂದು ಮನೆ ಬಿಡದೆ ಹೇಳಿಬಂದೆ.

ಆ ಸಂತೋಷಕ್ಕೆ ಮಣ್ಣು ಹಾಕಿದವರು ನಮ್ಮ ಬೀಗಿತ್ತಿ, ಮಗಳ ಅತ್ತೆ, ದೊಡ್ಡಮಳೂರಿನವರು. ಅವರು ಎಸ್ಸೆಸ್ಸೆಲ್ಸಿ ಪಾಸು. ಮಾತಿಗೆ ನಿಂತರೆ ಎದುರಿನವರು ಬಾಯಿ ತೆರೆಯುವುದರೊಳಗೆ ಅವರ ಮಾತನ್ನೂ ಇವರೇ ಆಡಿ ಮುಗಿಸಿರುತ್ತಾರೆ. ಒಂದು ನಾಮಕರಣದ ಊಟದಲ್ಲಿ ಯಾರೋ ನಮ್ಮ ಹುಡುಗಿಯನ್ನು, ಇದೆಲ್ಲ ಎಲ್ಲಿ ಕಲಿತೆಯಮ್ಮ ಎಂದು ಕೇಳಿದರು. ಮಾತು ದೊಡ್ಡಮಳೂರಜ್ಜಿಯಿಂದ ಬಂದದ್ದು, ಹಟ ರಾಮನಗರದಜ್ಜಿಯಿಂದ ಬಂದದ್ದು ಎಂದಳು. ಎಲ್ಲರೂ ನಕ್ಕರು. ನಾನು ಎಲೆಯಲ್ಲಿದ್ದ ಒಬ್ಬಟ್ಟನ್ನು ಪಕ್ಕಕ್ಕೆ ಸರಿಸಿದೆ. ಎಣ್ಣೆ ಹಾಕಿ ನೀರೆರೆದು ಬೆಳೆಸಿದವಳು ನಾನು. ವಿದ್ಯೆ ಅವರದು, ಹಟ ನನ್ನದು.

ಮೂರು ವರ್ಷ ಬೆಂಗಳೂರಿನಲ್ಲಿ ಬೇರೆಯವರ ಆಫೀಸಿನಲ್ಲಿ ದುಡಿದ ಮೇಲೆ ಅವಳು ಸ್ವಂತಕ್ಕೆ ಒಪ್ಪಿಕೊಂಡ ಮೊದಲ ಕೆಲಸ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯದು. ಇಡೀ ಫ್ಯಾಕ್ಟರಿ ನೋಡಿಕೊಳ್ಳುವ ಒಬ್ಬರು ಬೇಕಾಗಿತ್ತು. ಇದು ಕೈತಪ್ಪಿದರೆ ಬಿಟ್ಟುಬಂದ ಆಫೀಸಿನ ಬಾಗಿಲಲ್ಲೇ ಹೋಗಿ ನಿಲ್ಲಬೇಕು. ಹುಡುಕಿ ಹುಡುಕಿ ಒಬ್ಬರನ್ನು ಗೊತ್ತು ಮಾಡಿದಳು. ಅವರೂ ಹಾರೋಹಳ್ಳಿಯಲ್ಲೇ, ಇನ್ನೊಂದು ಫ್ಯಾಕ್ಟರಿಯಲ್ಲಿ ಇದ್ದವರು. ಹೋಟೆಲಿನಲ್ಲಿ ಭೇಟಿಯಾಗುವಂತಿಲ್ಲ. ಹಾರೋಹಳ್ಳಿಯಲ್ಲಿ ಟೀ ಕುಡಿದರೆ ಲೋಟ ಕೆಳಗಿಡುವುದರೊಳಗೆ ಸುದ್ದಿ ಕನಕಪುರ ಮುಟ್ಟಿರುತ್ತದೆ. ಅದಕ್ಕೆ ದೇವಸ್ಥಾನಕ್ಕೆ ಬಂದ ನೆಪ ಮಾಡಿ ದೊಡ್ಡಮಳೂರಿನ ಬೀಗಿತ್ತಿಯ ಮನೆಯಲ್ಲೇ ಎರಡು ಸಲ ಕೂತು ಮಾತಾಡಿದ್ದರು.

ನನಗೆ ಇದನ್ನು ಫೋನು ಮಾಡಿ ಹೇಳಿದವರು ಬೀಗಿತ್ತಿಯೇ. ಬಂದವರಿಗೆ ತಾವೇ ಕೋಡುಬಳೆ ಕೊಟ್ಟರಂತೆ, ಹೊಸ ಕೆಲಸದ ಗುಣಗಾನ ಮಾಡಿದರಂತೆ, ಆ ಮನುಷ್ಯ ತಲೆದೂಗಿ ಒಪ್ಪಿಯೇಬಿಟ್ಟರಂತೆ. ಹೋಗಲಿ ಬಿಡಿ, ಒಳ್ಳೆಯದಾಯಿತು ಎಂದೆ. ಫೋನು ಇಟ್ಟ ಮೇಲೆ ಅವತ್ತೆಲ್ಲ ಪಾತ್ರೆಗಳ ಸದ್ದು ಜಾಸ್ತಿಯಾಯಿತು.

ಅದಾಗಿ ಹತ್ತು ದಿನಕ್ಕೆ ಆ ಮನುಷ್ಯ ಫೋನು ಎತ್ತುವುದು ನಿಲ್ಲಿಸಿದರು. ಮೊಮ್ಮಗಳು ಬಂದು ನನ್ನ ಮನೆಯಲ್ಲಿ ಮಂಕಾಗಿ ಕೂತಳು, ತಟ್ಟೆಯಲ್ಲಿ ಮುದ್ದೆ ಆರಿಹೋಯಿತು. ಸುಳ್ಳು ಹೇಳಲಾರೆ, ಒಳಗೊಳಗೇ ನನಗೆ ಒಸಿ ಹಿತವಾಯಿತು. ಇನ್ನೊಂದೇ ಒಂದು ಸಲ ಬರಲಿ, ಈ ಮನೆಗೆ ಕರಿ ಎಂದೆ.

"ಆಯ್ತಜ್ಜಿ. ಆದ್ರೆ ನೀನು ಬಾಯ್ ಬುಡ್ಬಾರ್ದು."

"ದೊಡ್ಡಮಳೂರಲ್ಲಿ ಅವ್ರು ಬಾಯ್ ಬುಟ್ಟಾಗ ನೀನ್ ಸುಮ್ಕಿದ್ದೆ?"

"ಅದಕ್ಕೇ ಕಣಜ್ಜಿ," ಎಂದಳು.

ಭಾನುವಾರ ಬಂದರು. ಐವತ್ತರ ಹತ್ತಿರದವರು, ಚಪ್ಪಲಿಯನ್ನು ಜೋಡಿಸಿ ಬಿಟ್ಟು ಒಳಗೆ ಬಂದರು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ, "ಹೆಣ್ ನೋಡಕ್ ಬಂದವ್ರಾ? ಗಂಡು ಒಸಿ ಬಲ್ತೋಗದೆ ಕಣಕ್ಕ," ಎಂದಳು. ಇನ್ಶೂರೆನ್ಸಿನವರು ಎಂದು ಹೇಳಿ ಕಳಿಸಿದೆ.

ಮೊಮ್ಮಗಳು ಹೊಸ ಫ್ಯಾಕ್ಟರಿಯ ವಿಷಯ ಹೇಳುತ್ತಿದ್ದಳು. ಅವರು ಹೂಂ, ಹೂಂ ಎನ್ನುತ್ತಿದ್ದರು. ನಾನು ಅಡಿಗೆಮನೆಯ ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಇಪ್ಪತ್ತೆಂಟು ವರ್ಷ ಸಾಬರೊಬ್ಬರ ರೇಷ್ಮೆ ಕಾರ್ಖಾನೆಯಲ್ಲಿ ನೂಲು ಬಿಚ್ಚಿದವಳು ನಾನು. ಬಿಸಿನೀರಿನ ಬಟ್ಟಲಲ್ಲಿ ಗೂಡು ತೇಲುತ್ತಿರುತ್ತದೆ. ಎಳೆಯ ತುದಿ ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಹೊಸಬರು ಉಗುರು ಹಾಕಿ ಕೀಳುತ್ತಾರೆ, ಗೂಡು ಹಾಳಾಗುತ್ತದೆ. ನೀರಿನಲ್ಲಿ ಬಿಟ್ಟು, ಮೇಲುಮೇಲೆ ಸವರಿ, ಕಾಯಬೇಕು. ತುದಿ ತಾನಾಗಿ ಮೇಲೆ ಬಂದು ಬೆರಳಿಗೆ ಅಂಟುತ್ತದೆ. ಆಮೇಲೆ ಇಡೀ ಗೂಡೇ ಒಂದೇ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಈ ಮನುಷ್ಯನಿಗೆ ಬೀಗಿತ್ತಿ ಉಗುರು ಹಾಕಿದ್ದರು ಎಂದು ನನಗೆ ಅನ್ನಿಸಿತು.

ಅಷ್ಟರಲ್ಲಿ ಅವಳಿಗೆ ಫೋನು ಬಂದು ಹೊರಗೆ ಹೋದಳು. ನಾನು ಕಾಫಿ ಕೊಟ್ಟು ಎದುರಿಗೆ ಕೂತೆ. ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಆದರೂ ಒಂದೇ ಒಂದು ಕೇಳಿದೆ: "ಈಗಿರೋ ಕಡೆ ನಿಮ್ ಕೈ ಕೆಳಗೆ ಯಾರ್ಯಾರವ್ರೆ?"

ಇಷ್ಟು ಜನ ಎಂದು ಲೆಕ್ಕವಷ್ಟೇ ಹೇಳಿ ನಿಲ್ಲಿಸಿದರು. ನಾನು ಸುಮ್ಮನೆ ಕಾದೆ. ಕಾಫಿಯ ಮೇಲೆ ಕೆನೆ ಕಟ್ಟಿತು. ಆಮೇಲೆ ಅವರೇ ಶುರು ಮಾಡಿದರು. ಅವರ ಫ್ಯಾಕ್ಟರಿಯಲ್ಲಿ ಉಯ್ಯಂಬಳ್ಳಿ ಕಡೆಯ ಹನ್ನೆರಡು ಹೆಣ್ಣುಮಕ್ಕಳಿದ್ದಾರಂತೆ. ಇವರೇ ಮನೆ ಮನೆಗೆ ಹೋಗಿ ಒಪ್ಪಿಸಿ ಕರೆತಂದದ್ದಂತೆ. ಬಸ್ಸು ತಡವಾದರೆ ಆ ಅಪ್ಪಂದಿರು ಫೋನು ಮಾಡುವುದು ಇವರಿಗೇ ಅಂತೆ.

"ನಾನಿದ್ದೀನಿ, ಕಳ್ಸಿ ಅಂದಿದ್ದೆ ಕಣಮ್ಮ. ಈಗ ನಾನೇ ಎದ್ದೋದ್ರೆ ಅವ್ರಪ್ಪಂದಿರಿಗೆ ಏನಂತ ಮಕ ತೋರ್ಸ್ಲಿ?"

ಮೊಮ್ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಒಳಗೆ ಬಂದು ಕಾಗದಗಳನ್ನೆಲ್ಲ ಬ್ಯಾಗಿಗೆ ತುಂಬಿ, "ಸಾರ್, ನೀವು ಬರ್ಬೇಡಿ. ಫ್ಯಾಕ್ಟರಿಯವ್ರಿಗೆ ನಾನ್ ಹೇಳ್ಕೋತೀನಿ," ಎಂದಳು. ಅವರು ಹಗುರಾದವರ ಹಾಗೆ ಹೊರಟರು.

ಮಗುವಿನ ಕೆಲಸ ಕೆಡಿಸಿದೆನಲ್ಲ ಎಂದು ಅಂದುಕೊಂಡೆ ಎಂದರೆ ಅರ್ಧ ಸುಳ್ಳು. ಮೊದಲು ಬಂದ ಯೋಚನೆ, ಬೀಗಿತ್ತಿಗೆ ಗೊತ್ತಾದರೆ ಏನನ್ನುತ್ತಾರೋ ಎಂಬುದು. ಮೊಮ್ಮಗಳು ನನ್ನ ಮೇಲೆ ರೇಗಲಿಲ್ಲ. ಹೀಗೆ ಅರ್ಧ ಮನಸ್ಸಿನಲ್ಲಿ ಬಂದವರು ಮೂರೇ ತಿಂಗಳಿಗೆ ವಾಪಸ್ಸು ಹೋಗುತ್ತಾರೆ, ಆಗ ಹೋಗುವುದು ತನ್ನ ಹೆಸರು ಎಂದಳಷ್ಟೆ. ಫ್ಯಾಕ್ಟರಿಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಗೊಣಗಿ, ಹದಿನೈದು ದಿನ ವಾಯಿದೆ ಕೊಟ್ಟರು.

ನಾಲ್ಕನೇ ದಿನ ಆ ಮನುಷ್ಯನೇ ಫೋನು ಮಾಡಿದರು. ತಾನಂತೂ ಬರುವುದಿಲ್ಲ, ಆದರೆ ತನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಹೊಸೂರಿನಲ್ಲಿದ್ದಾರೆ, ಚನ್ನಪಟ್ಟಣದವರು, ಊರ ಕಡೆ ಬರಬೇಕೆಂದಿದ್ದಾರೆ, ಅವರನ್ನು ಕೇಳಿ ಎಂದರು. ಅವಳು ಕೇಳಿದಳು, ಅವರು ಒಪ್ಪಿದರು. ಈಗ ಆರು ತಿಂಗಳಾಯಿತು, ಗಟ್ಟಿಯಾಗಿ ನಿಂತಿದ್ದಾರೆ. ಅದೇ ಫ್ಯಾಕ್ಟರಿಯವರು ಇನ್ನೂ ಎರಡು ಹುದ್ದೆಗೆ ಜನ ಹುಡುಕಲು ನನ್ನ ಮೊಮ್ಮಗಳಿಗೇ ಹೇಳಿದ್ದಾರೆ. ಹೇಳುತ್ತಾ ಹೇಳುತ್ತಾ ನನಗೆ ನಗು ತಡೆಯಲಾಗುತ್ತಿಲ್ಲ.

ಆದರೆ ಆ ಹಿರಿಯರ ಜೊತೆ ಮಾತುಕತೆ ಎಲ್ಲಾಯಿತು ಅಂತೀರಿ? ಚನ್ನಪಟ್ಟಣಕ್ಕೆ ಹತ್ತಿರ ಎಂದು ಮತ್ತೆ ಆ ದೊಡ್ಡಮಳೂರಿನ ಮನೆಯಲ್ಲೇ. ಕರೆಯದಿದ್ದರೂ ಬೆಳಗಿನ ಬಸ್ಸಿಗೆ ಹೊರಟುಬಿಟ್ಟೆ. ಮೊಮ್ಮಗಳು ಇಬ್ಬರು ಅಜ್ಜಿಯರನ್ನೂ ಅಡಿಗೆಮನೆಗೆ ಸೇರಿಸಿ, ಉಸಿರೆತ್ತಬಾರದು ಎಂದು ಬಾಗಿಲು ಓರೆ ಮಾಡಿದಳು. ಬೀಗಿತ್ತಿ ಮೊರದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತರು. ಆಮೇಲೆ ಹತ್ತಿರ ಸರಿದು ಪಿಸುಗುಟ್ಟಿದರು.

"ಅತ್ಗೇ, ಮಗು ಎಲ್ಲಾ ಹೇಳ್ತು. ಅವತ್ತು ಆ ವಯ್ಯನ ಬಾಯ್ ಹೆಂಗ್ ಬುಡ್ಸುದ್ರಿ? ನಂಗೂ ಒಸಿ ಹೇಳ್ಕೊಡಿ."

ನಾನು ಅವರ ಮೊರಕ್ಕೆ ಕೈ ಹಾಕಿ ಒಂದು ಕಾಯಿ ತೆಗೆದುಕೊಂಡೆ.

"ಏನೂ ಇಲ್ಲ ಬುಡಿ ಅತ್ಗೆ. ಕಾಫಿ ಕೊಟ್ಟೆ, ಅಷ್ಟೇಯ."