ಓದಕ್ಕನೂ ದಿನಕ್ಕೊಂದು ತಪ್ಪು ತೋರಿಸುವ ಡಿಸ್ಕೂ

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುವುದು ಅವಳ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಓದಕ್ಕ. ಹೆಸರು ಹಿಡಿದು ಕರೆಯುವವರು ಮನೆಯಲ್ಲೂ ಉಳಿದಿರಲಿಲ್ಲ. ಗಂಡ ‘ಏ ಇವಳೇ’ ಅನ್ನುತ್ತಿದ್ದ. ಹಾಸಿಗೆ ಹಿಡಿದಿದ್ದ ಅತ್ತೆ ಏನೂ ಅನ್ನದೆ ಮಂಚದ ಕಾಲಿಗೆ ಊರುಗೋಲಿನಿಂದ ಬಡಿಯುತ್ತಿದ್ದರು.

ಗ್ರಂಥಾಲಯದ ಹಿಂಭಾಗದಲ್ಲಿ, ಹರಿದ ಪುಸ್ತಕಗಳನ್ನು ತುಂಬಿಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ ಅವಳಿಗೆ ಕೊಟ್ಟಿದ್ದರು. ಹೊರಗಿನ ಸದ್ದು ಒಳಬರದ ಹಾಗೆ ಗೋಡೆಗೆಲ್ಲ ಹಳೆಯ ರಜಾಯಿಗಳನ್ನು ಹೊಡೆದಿದ್ದರು. ಫ್ಯಾನು ಹಾಕಿದರೆ ಅದರ ಗುಂಯ್‌ಗುಡುವಿಕೆಯೂ ಮೈಕಿಗೆ ಬೀಳುತ್ತದೆಂದು ಓದುವಷ್ಟು ಹೊತ್ತೂ ಬೆವರು ಒರೆಸಿಕೊಳ್ಳುತ್ತ ಕೂರಬೇಕು. ಕಾಲು ಶತಮಾನದ ಹತ್ತಿರ ಹಾಗೆಯೇ ಕೂತಿದ್ದಳು. ಕತೆ, ಕಾದಂಬರಿ, ಕಾನೂನು ಪುಸ್ತಕ, ಒಮ್ಮೆ ಜೇನು ಸಾಕಣೆಯ ಕೈಪಿಡಿ, ಯಾರು ಏನು ಕೇಳಿದರೂ ಓದಿದ್ದಳು. ಈಚೆಗೆ ಮಧ್ಯಾಹ್ನ ಕಳೆಯುವಷ್ಟರಲ್ಲಿ ದನಿ ಒಡೆಯುತ್ತಿತ್ತು. ಗಂಟಲ ಡಾಕ್ಟರು ಒಳಗೆ ಟಾರ್ಚು ಬಿಟ್ಟು ನೋಡಿ, “ಮಾತು ಕಮ್ಮಿ ಮಾಡಿ” ಅಂದಿದ್ದರು. ಮನೆಯಲ್ಲಿ ಅವಳು ಕಮ್ಮಿ ಮಾಡಿದ್ದಳು.

“ಊರಿಗೆಲ್ಲಾ ಓದಿ ಹೇಳ್ತೀಯ, ನನ್ನ ಹತ್ರ ಎರಡು ಮಾತಾಡೋಕೆ ನಿಂಗೆ ಬಾಯಿಲ್ಲ,” ಅತ್ತೆ ಅನ್ನುತ್ತಿದ್ದರು.

ಅತ್ತೆಯ ಬೆನ್ನು ಒರೆಸಿ, ಬಟ್ಟೆ ಬದಲಿಸಿ, ತಲೆದಿಂಬು ಸರಿಮಾಡುತ್ತ ಅವಳು ತಲೆಯಾಡಿಸುತ್ತಿದ್ದಳು, ಅಷ್ಟೇ.

ಕಂಪ್ಯೂಟರಿನ ರಗಳೆ ಶುರುವಾದದ್ದು ಇದರ ನಡುವೆಯೇ. ಒಂದು ಬೆಳಿಗ್ಗೆ ಸ್ವಿಚ್ ಒತ್ತಿದಾಗ ಎಂದಿನ ಚಿತ್ರ ಬರಲಿಲ್ಲ. ಕಪ್ಪು ಪರದೆಯ ಮೇಲೆ, ಡಿಸ್ಕಿನಲ್ಲಿ ದೋಷಗಳಿವೆ, ಸರಿಪಡಿಸಬೇಕೇ ಎಂಬ ಪ್ರಶ್ನೆ. ರೆಕಾರ್ಡ್ ಆದ ಪುಸ್ತಕಗಳೆಲ್ಲ ಇರುವುದು ಆ ಡಿಸ್ಕಿನಲ್ಲೇ. ಅವಳು ಏನನ್ನೂ ಮುಟ್ಟಲಿಲ್ಲ. ರಿಪೇರಿಯವನಿಗೆ ಫೋನ್ ಮಾಡಿದಳು. ಅವನು ಗ್ರಂಥಾಲಯದ ಬೀದಿಯ ಕೊನೆಯಲ್ಲಿ ಅಂಗಡಿ ಇಟ್ಟಿದ್ದ. ಸದಾ ಆತುರದಲ್ಲಿರುವ, ಆದರೆ ಕೈಬಿಡದ ಮನುಷ್ಯ.

“ಏನೂ ಆಗಲ್ಲ ಅಕ್ಕ. ಕೇಳಿದ್ರೆ ಹೂಂ ಅನ್ನಿ. ಅದರ ಪಾಡಿಗೆ ಅದು ಸರಿ ಮಾಡ್ಕೊಳ್ಳುತ್ತೆ.”

ಅವಳು ಹೂಂ ಅಂದಳು. ಸಾಲು ಸಾಲಾಗಿ ಏನೇನೋ ಓಡಿ, ಕಂಪ್ಯೂಟರು ತೆರೆದುಕೊಂಡಿತು. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ, ಮತ್ತೆ ಹೂಂ. ಕೆಲವು ದಿನ ಏನೂ ಕೇಳದೆ ಸುಮ್ಮನಿರುತ್ತಿತ್ತು. ರೋಗ ವಾಸಿಯಾಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಕೇಳುತ್ತಿತ್ತು. ಬರಬರುತ್ತ ಅವಳು ಪರದೆಯ ಕಡೆ ನೋಡದೆಯೇ ಹೂಂ ಒತ್ತಿ, ನೀರು ಕಾಯಿಸಲು ಎದ್ದುಹೋಗುತ್ತಿದ್ದಳು.

ಮೊದಲು ದೂರು ತಂದವನು ಟೆಲಿಫೋನಣ್ಣ. ಆಸ್ಪತ್ರೆಯೊಂದರ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಕರೆಗಳನ್ನು ಜೋಡಿಸುವವನು. ಹುಟ್ಟಿನಿಂದ ಕಣ್ಣಿಲ್ಲ. ಅವಳು ಓದಿದ್ದರಲ್ಲಿ ಅವನು ಕೇಳದೆ ಬಿಟ್ಟದ್ದು ಕಮ್ಮಿ.

“ಅಕ್ಕ, ಬೈಕೋಬೇಡಿ. ಆ ಹಡಗಿನ ಕಾದಂಬರಿ ಇದೆಯಲ್ಲ, ಅದರಲ್ಲಿ ಕ್ಯಾಪ್ಟನ್ನು ಬಾಗಿಲು ತೆಗೀತಾನೆ. ತೆಗೆದ ಕೂಡ್ಲೇ ನೀವು ಜೇನುಹುಳದ ವಿಷಯ ಹೇಳ್ತೀರಿ.”

“ಜೇನುಹುಳಾನಾ?”

“ಹೂಂ. ರಾಣಿಹುಳ ಮೊಟ್ಟೆ ಇಡೋದು. ಮೊದಲು ನಾನು ಕ್ಯಾಪ್ಟನ್ನಿಗೆ ಕನಸು ಬಿತ್ತು ಅಂದ್ಕೊಂಡೆ.”

ಅವಳು ನಕ್ಕುಬಿಟ್ಟಳು. ಫೋನಿಟ್ಟು ಆ ಅಧ್ಯಾಯ ಹಾಕಿ ಕೇಳಿದಾಗ ನಗು ಉಳಿಯಲಿಲ್ಲ. ಬೇರೆ ಪುಸ್ತಕಗಳನ್ನು ಅಲ್ಲಲ್ಲಿ ತೆರೆದಳು. ಒಂದು ಕಡೆ ಅವಳ ದನಿ ವಾಕ್ಯದ ನಡುವೆಯೇ ಕಡಿದುಹೋಗುತ್ತಿತ್ತು. ಇನ್ನೊಂದು ಕಡೆ ಬರೀ ಕರ್‌ಕರ್ ಸದ್ದು. ಕೆಲವು ಅಧ್ಯಾಯಗಳು ತೆರೆಯಲೇ ಇಲ್ಲ.

ರಿಪೇರಿಯವನು ಬಂದು ನೋಡಿ, ಡಿಸ್ಕು ಮುದಿಯಾಗಿದೆ ಅಂದ. ಹೊಸದು ತಂದು, ಇದ್ದುದೆಲ್ಲವನ್ನೂ ಅದಕ್ಕೆ ತುಂಬಿಸಿ ಹೋದ. ವಾರ ಕಳೆಯಲಿಲ್ಲ, ಹೊಸ ಡಿಸ್ಕಿನ ಮೇಲೂ ಅದೇ ಪ್ರಶ್ನೆ. ಅವನು ಒಳಗಿನ ಕೇಬಲ್ ಬದಲಿಸಿದ. ಉಪಯೋಗವಾಗಲಿಲ್ಲ. ಕರೆಂಟಿನ ಏರಿಳಿತ ಇರಬಹುದೆಂದು ಬೇರೆ ಪ್ಲಗ್ಗಿಗೆ ಹಾಕಿದ. ಅದೂ ಆಗಲಿಲ್ಲ. ಹಳೆಯ ಡಿಸ್ಕನ್ನು ಅಂಗಡಿಗೆ ಒಯ್ದು ತನ್ನ ಯಂತ್ರದಲ್ಲಿ ಹಾಕಿ ಪರೀಕ್ಷಿಸಿದಾಗ, ಅದರ ಮೈಮೇಲೆ ಒಂದು ಗಾಯವೂ ಇರಲಿಲ್ಲ.

“ತಲೆ ಕೆಟ್ಟುಹೋಗಿದೆ ಅಕ್ಕ,” ಎಂದು ಅವನು ರಜಾಯಿ ಹೊಡೆದ ಗೋಡೆಗೆ ಒರಗಿ ನೆಲದ ಮೇಲೆ ಕೂತ. “ಅಲ್ಲಿ ಗಟ್ಟಿಮುಟ್ಟಾಗಿದೆ, ಇಲ್ಲಿಗೆ ಬಂದ್ರೆ ಕಾಯಿಲೆ.”

ಅವಳಿಗೂ ಸಾಕಾಗಿತ್ತು. “ನಮ್ಮ ಅತ್ತೆ ಥರ. ಡಾಕ್ಟರ ಮುಂದೆ ಎದ್ದು ಕೂರ್ತಾರೆ,” ಅಂದಳು.

ಅವನು ನಗಲಿಲ್ಲ. ಏನನ್ನೋ ಯೋಚಿಸುತ್ತ ಎದ್ದು, ಏನೂ ಸರಿಪಡಿಸಬೇಡ, ನೋಡಿ ಹೇಳು ಸಾಕು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟು ಡಿಸ್ಕಿನ ತಪಾಸಣೆ ನಡೆಸಿದ. ಒಂದಷ್ಟು ದೋಷಗಳು ಬಂದವು. ಏನನ್ನೂ ಮುಟ್ಟದೆ ಮತ್ತೆ ನಡೆಸಿದ. ಈಗ ಬೇರೆಯವೇ ಬಂದವು. ಮೊದಲು ತೋರಿಸಿದವು ಮಾಯ. ಮತ್ತೊಮ್ಮೆ ನಡೆಸಿದಾಗ ಒಂದೂ ಇಲ್ಲ.

“ಡಿಸ್ಕು ನಿಜವಾಗ್ಲೂ ಕೆಟ್ಟಿದ್ರೆ ಕೆಟ್ಟಿರೋ ಜಾಗ ಅಲ್ಲೇ ಇರಬೇಕಲ್ವಾ? ಇದು ಓಡಾಡ್ತಾ ಇದೆ.”

ಪೆಟ್ಟಿಗೆ ಬಿಚ್ಚಿ, ಬೆರಳುದ್ದದ ಎರಡು ಮೆಮೊರಿ ಪಟ್ಟಿಗಳಲ್ಲಿ ಒಂದನ್ನು ಕಿತ್ತ. ಡಿಸ್ಕಿನಿಂದ ಓದಿದ್ದನ್ನು ಕಂಪ್ಯೂಟರು ಕೆಲಸ ಮುಗಿಯುವ ತನಕ ಹಿಡಿದಿಟ್ಟುಕೊಳ್ಳುವುದು ಅವುಗಳಲ್ಲೇ. ಉಳಿದ ಒಂದೇ ಪಟ್ಟಿಯಲ್ಲಿ ತಪಾಸಣೆ ಎಷ್ಟು ಸಲ ನಡೆಸಿದರೂ ಎಲ್ಲ ಸರಿ. ಅದನ್ನು ತೆಗೆದು ಇನ್ನೊಂದನ್ನು ಹಾಕಿದರೆ, ಕೋಣೆ ಬಿಸಿಯೇರಿದಂತೆ ದೋಷಗಳ ಜಾತ್ರೆ.

“ಡಿಸ್ಕಿನದು ತಪ್ಪೇ ಇಲ್ಲ ಅಕ್ಕ. ಈ ಪಟ್ಟಿ ಕೆಟ್ಟಿದೆ. ಸರಿಯಾಗಿರೋದನ್ನ ಇದು ತಪ್ಪಾಗಿ ತೋರಿಸ್ತಿತ್ತು.”

“ಹಾಗಾದ್ರೆ ಡಿಸ್ಕಿನಲ್ಲಿ ಎಲ್ಲಾ ಹಾಗೇ ಇದೆಯಾ?” ಅವಳ ದನಿ ಮೇಲೇರಿ ಒಡೆಯಿತು.

ಅವನು ಸ್ಕ್ರೂಡ್ರೈವರನ್ನು ಕೆಳಗಿಟ್ಟ.

“ಇತ್ತು. ದಿನಾ ಸರಿಪಡಿಸಿದ್ವಲ್ಲ, ಅದೇ ಕೆಡಿಸಿದ್ದು. ಇಲ್ಲದ ತಪ್ಪನ್ನ ತಿದ್ದೋಕೆ ಹೋಗಿ, ಚೆನ್ನಾಗಿದ್ದನ್ನ ಕತ್ತರಿಸಿ ಕತ್ತರಿಸಿ ಎಲ್ಲಿಂದೆಲ್ಲಿಗೋ ಅಂಟಿಸಿ ಹಾಕಿದೆ. ಹೂಂ ಅನ್ನಿ ಅಂತ ನಿಮಗೆ ಹೇಳಿದ್ದು ನಾನೇ.”

ಬೈಯಬೇಕು ಅನ್ನಿಸಿತು ಅವಳಿಗೆ. ಬೈಯಲು ಗಂಟಲು ಇರಲಿಲ್ಲ. “ಹೋಗಿ ಬನ್ನಿ,” ಅಂದಳು. ಅವನು ಹೋದ ಮೇಲೆ ಮೈಕಿನ ಮುಂದೆ ಸುಮ್ಮನೆ ಕೂತಳು. ಅತ್ತೆಗೆ ಔಷಧಿಯ ಹೊತ್ತಾಗಿದೆ ಎಂದು ಗಂಡ ಫೋನ್ ಮಾಡುವವರೆಗೂ ಅಲ್ಲಿಂದ ಏಳಲಿಲ್ಲ.

ಗ್ರಂಥಾಲಯದ ಆಫೀಸಿನ ಬೀರುವಿನಲ್ಲಿ ಇನ್ನೊಂದು ಪ್ರತಿ ಇತ್ತು. ಅದಕ್ಕೂ ಮೊನ್ನೆ ತಾನೇ ಇಲ್ಲಿಂದಲೇ ಹೊಸದಾಗಿ ತುಂಬಿಸಿದ್ದರಿಂದ ಅಲ್ಲಿಯೂ ಕ್ಯಾಪ್ಟನ್ನು ಜೇನುಗೂಡಿನ ಬಾಗಿಲನ್ನೇ ತೆಗೆಯುತ್ತಿದ್ದ. ಉಳಿದದ್ದು ಕೇಳುಗರು ಪೆನ್‌ಡ್ರೈವ್‌ಗಳಲ್ಲಿ ತುಂಬಿಸಿಕೊಂಡು ಹೋಗಿದ್ದ ಪುಸ್ತಕಗಳು ಮಾತ್ರ. ಟೆಲಿಫೋನಣ್ಣ ತನ್ನ ಬಿಡುವಿನಲ್ಲೆಲ್ಲ ಒಬ್ಬೊಬ್ಬರಿಗೆ ಫೋನ್ ಹಚ್ಚಿದ. ಕೆಲವರು ಜಾಗ ಸಾಲದೆ ಅಳಿಸಿಬಿಟ್ಟಿದ್ದರು. ಮಾಲೀಸು ಮಾಡುವ ಒಬ್ಬಾತ ಒಂದನ್ನೂ ಅಳಿಸದೆ ಸಾಬೂನಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದ. ರಿಪೇರಿಯವನು ತಾನೇ ಮನೆಮನೆ ಸುತ್ತಿ, ಸಿಕ್ಕಿದ್ದನ್ನೆಲ್ಲ ತಂದು ಹೊಸ ಮೆಮೊರಿ ಹಾಕಿದ ಕಂಪ್ಯೂಟರಿಗೆ ಸೇರಿಸಿದ. ಅವಳು ಅವನಿಗೆ ಟೀ ಕೊಟ್ಟಳು.

ಅರ್ಧಕ್ಕರ್ಧ ಪುಸ್ತಕಗಳು ಮರಳಿದವು. ಹಡಗಿನ ಕಾದಂಬರಿಯ ಮೊದಲ ಭಾಗ ಎಲ್ಲರ ಬಳಿಯೂ ಇತ್ತು, ಎರಡನೆಯದು, ಜೇನುಹುಳ ಹೊಕ್ಕ ಟೆಲಿಫೋನಣ್ಣನ ಪ್ರತಿ ಬಿಟ್ಟರೆ, ಯಾರ ಬಳಿಯೂ ಇರಲಿಲ್ಲ.

“ಒಬ್ಬರೂ ಪೂರ್ತಿ ಕೇಳಿಲ್ವಾ?” ಅಂದಳು.

“ಎಲ್ರೂ ಅಲ್ಲೇ ನಿದ್ದೆ ಹೋಗಿದಾರೆ ಅಕ್ಕ. ನಾನೊಬ್ಬನೇ ಎದ್ದಿದ್ದು,” ಅಂದ ಟೆಲಿಫೋನಣ್ಣ.

ಆ ಒಬ್ಬನಿಗಾಗಿ ಎರಡನೆಯ ಭಾಗವನ್ನು ಮತ್ತೆ ಓದಲು ಕೂತಳು. ಹಿಂದೆ ಒಂದೇ ಉಸಿರಿಗೆ ಓದಿದ್ದ ಅಧ್ಯಾಯಕ್ಕೆ ಈಗ ಹಲವು ಬೆಳಿಗ್ಗೆಗಳು ಬೇಕಾದವು. ಎರಡು ಪುಟ ಓದುವುದು, ಬಿಸಿನೀರು ಕುಡಿಯುವುದು, ಕೆಮ್ಮು ಬಿದ್ದ ಸಾಲನ್ನು ಮತ್ತೆ ಓದುವುದು. ಮನೆಗೆ ಬಂದರೆ ಮೊದಲಿನಷ್ಟೂ ಮಾತಿಲ್ಲ. ಅತ್ತೆಗೂ ಬೈದು ಬೈದು ಬೇಸರವಾಗಿರಬೇಕು, ಒಂದು ಸಂಜೆ ಹಾಸಿಗೆಯ ಅಂಚಿನಲ್ಲಿ ಜಾಗ ಬಿಟ್ಟು, “ಮಾತಾಡೋದು ಬೇಡ, ಸುಮ್ನೆ ಕೂತ್ಕೋ,” ಅಂದರು. ಅವಳು ಕೂತಳು. ಕೂತಲ್ಲೇ ಕಣ್ಣು ಹತ್ತಿತು.

ಕಾದಂಬರಿ ಮುಗಿದ ಮೇಲೆ ಟೆಲಿಫೋನಣ್ಣನಿಂದ ಕರೆ ಬಂತು.

“ಎರಡನೇ ಭಾಗ ಬೇರೆ ಯಾರಾದ್ರೂ ಓದಿದಾರಾ ಅಕ್ಕ?”

“ಇಲ್ಲಪ್ಪ. ನಾನೇ.”

ಆ ಕಡೆ ಅವನು ಕೆಮ್ಮಿದ. ಅವನು ಮುಜುಗರಕ್ಕೆ ಬಿದ್ದದ್ದು ಅವಳಿಗೆ ತಿಳಿಯಿತು.

“ಬಿಡಿ ಅಕ್ಕ. ಅಷ್ಟೊತ್ತಿಗೆ ಕ್ಯಾಪ್ಟನ್ನಿಗೂ ವಯಸ್ಸಾಗಿರುತ್ತೆ. ಹೊಂದುತ್ತೆ,” ಅಂದ.

ಮಾರನೆಯ ವಾರ ಅವಳು ಗ್ರಂಥಪಾಲಕರ ಬಳಿ ಹೋಗಿ, ತನ್ನೊಬ್ಬಳಿಂದ ಇನ್ನು ಆಗುವುದಿಲ್ಲ ಎಂದಳು. ಅಷ್ಟು ಹೇಳಲು ತಾನು ವರ್ಷಗಟ್ಟಲೆ ಅಂಜಿದ್ದೇಕೋ ಅವಳಿಗೇ ತಿಳಿಯಲಿಲ್ಲ. ಅವರು ಅಲ್ಲೇ ಒಪ್ಪಿ, ನಿವೃತ್ತನಾಗಿ ಮನೆಯಲ್ಲಿ ಕೂತಿದ್ದ ಬಸ್ ಕಂಡಕ್ಟರೊಬ್ಬನನ್ನು ಕಳಿಸಿಕೊಟ್ಟರು. ಅವನ ದನಿಗೆ ಮೈಕೇ ಬೇಕಿರಲಿಲ್ಲ. ಮೊದಲ ದಿನ ಓದು ಶುರುಮಾಡಿದಾಗ ಪರದೆಯ ಮೇಲೆ ದನಿಯ ಮಟ್ಟ ತೋರಿಸುವ ಗೆರೆಗಳೆಲ್ಲ ಕೆಂಪಗಾದವು.

“ಮೆತ್ತಗೆ ಅಣ್ಣ,” ಎಂದು ಅವಳು ಪಿಸುದನಿಯಲ್ಲಿ ಹೇಳಿದಳು. “ಇದು ಬಸ್ಸಲ್ಲ, ಹಿಂದಿನ ಬಾಗಿಲಲ್ಲಿ ಯಾರೂ ನಿಂತಿಲ್ಲ. ಕೇಳೋರು ಕಿವಿಯ ಪಕ್ಕದಲ್ಲೇ ಇದಾರೆ.”

ಅವನು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಮತ್ತೆ ಮೊದಲ ಸಾಲಿನಿಂದ ಶುರುಮಾಡಿದ.